ಗುಡ್ಡ ಜರಿದದ್ದು ಯಾರ ಪಾಪಕ್ಕೆ? ಶಿಲುಬೆಯ ಅರ್ಥದ ಬಗ್ಗೆ ಕೊಡಗಿನಿಂದ ಒಂದು ಚರ್ಚೆ

ಮಾದಾಪುರದ ಬೆಳೆಗಾರ

ಕಥೋಲಿಕರಿರಲಿ, ಸಿಎಸ್‌ಐ ಸಭೆಯವರಿರಲಿ, ಸುರಿಯಾನಿಗಳಿರಲಿ, ಪೆಂತೆಕೊಸ್ತಿನವರಿರಲಿ, ಯೇಸುಸ್ವಾಮಿ ನಮ್ಮ ಪಾಪಗಳಿಗಾಗಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟರು ಎಂಬುದನ್ನು ಅಲ್ಲಗಳೆಯುವವರು ನಮ್ಮಲ್ಲಿ ಯಾರೂ ಇಲ್ಲ. ಹಾಗಿದ್ದರೆ ಆ ಸಾವಿನಿಂದ ನಿಜವಾಗಿ ಏನಾಯಿತು ಎಂದು ಕೇಳಿದ ಕೂಡಲೇ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುವುದೇಕೆ?

ಕೇಳಲು ಕಾರಣವಿದೆ. 2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ, ನಮ್ಮ ಮಾದಾಪುರದ ಸುತ್ತಲಿನ ಗುಡ್ಡಗಳು ಜರಿದದ್ದು ಎಲ್ಲರಿಗೂ ಗೊತ್ತು. ಅದರ ನೆನಪಿಗೆ ಸೇರಿದ್ದ ಒಂದು ಪ್ರಾರ್ಥನೆಯಲ್ಲಿ ಒಬ್ಬ ಬೋಧಕರು, ದೇವರ ಕೋಪವನ್ನು ಕ್ರಿಸ್ತನು ಶಿಲುಬೆಯಲ್ಲಿ ಹೊತ್ತನು, ಆತನ ಮರೆಗೆ ಬಾರದವರ ಮೇಲೆ ಆ ಕೋಪ ಹಾಗೆಯೇ ಉಳಿದಿದೆ, ಗುಡ್ಡ ಜರಿದದ್ದು ಅದರ ಎಚ್ಚರಿಕೆ ಎಂದರು. ಅವರ ನಂತರ ಮಾತನಾಡಿದವರು, ದೇವರು ಮಣ್ಣನ್ನು ತಳ್ಳಿದವನಲ್ಲ, ಮಣ್ಣಿನಡಿ ಸಿಕ್ಕವರ ಜೊತೆ ಇದ್ದವನು, ಶಿಲುಬೆ ಹೇಳುವುದು ಅದನ್ನೇ ಎಂದರು. ಮುಂದಿನ ಸಾಲಿನಲ್ಲಿ ಮನೆ, ತೋಟ ಎರಡನ್ನೂ ಕಳೆದುಕೊಂಡವರು ಕುಳಿತಿದ್ದರು. ಚಹಾದ ಹೊತ್ತಿಗೆ ಎರಡೂ ಕಡೆಯವರು ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು.

ಇಬ್ಬರೂ ಹೇಳಿದ್ದು ಒಂದೇ ಶಿಲುಬೆಯ ವಿಷಯವೇ? ತಿಳಿದವರು ಹೇಳಿ. ಬೈಗುಳ ಬೇಡ.

ಕುಶಾಲನಗರದ ವಿಶ್ವಾಸಿ

ಮೊದಲ ಬೋಧಕರ ಮಾತಿನಲ್ಲಿ ತಪ್ಪೇನಿದೆ ಎಂದು ನನಗೆ ತಿಳಿಯುತ್ತಿಲ್ಲ. ಯೆಶಾಯ 53ನ್ನು ಓದಿ. ನಮ್ಮ ದ್ರೋಹಗಳಿಗಾಗಿ ಆತನಿಗೆ ಗಾಯವಾಯಿತು, ನಮ್ಮೆಲ್ಲರ ಅಪರಾಧವನ್ನು ಯೆಹೋವನು ಆತನ ಮೇಲೆ ಹಾಕಿದನು. 2 ಕೊರಿಂಥ 5:21ರಲ್ಲಿ ಪಾಪವನ್ನೇ ಅರಿಯದವನನ್ನು ದೇವರು ನಮಗಾಗಿ ಪಾಪವಾಗಿ ಮಾಡಿದನು ಎಂದಿದೆ. ಗಲಾತ್ಯ 3:13ರಲ್ಲಿ ಆತನು ನಮಗೋಸ್ಕರ ಶಾಪವಾದನು. ಇವು ನಾನು ಕಟ್ಟಿದ ಮಾತುಗಳಲ್ಲ. ನ್ಯಾಯವಂತನಾದ ದೇವರು ಪಾಪವನ್ನು ಕಂಡೂ ಕಾಣದವನಂತೆ ಇರಲಾರನು. ಶಿಕ್ಷೆ ಆಗಲೇಬೇಕಿತ್ತು, ಅದು ಆತನ ಮೇಲೆ ಆಯಿತು. ಇದನ್ನು ತೆಗೆದುಹಾಕಿದರೆ ಉಳಿಯುವುದು ಒಬ್ಬ ಒಳ್ಳೆಯ ಮನುಷ್ಯನ ದುರ್ಮರಣ. ಅಳುವವರಿಗೆ ಸಮಾಧಾನ ಹೇಳಬೇಕು, ನಿಜ. ಅದಕ್ಕಾಗಿ ಸುವಾರ್ತೆಗೆ ನೀರು ಬೆರೆಸಬಾರದು.

ಕಕ್ಕಬ್ಬೆಯವ

ನಾನು ಕೊಡವ, ಕ್ರೈಸ್ತನಲ್ಲ. ಮಿಷನ್ ಶಾಲೆಯಲ್ಲಿ ಓದಿದ್ದರಿಂದ ಈ ವಚನಗಳು ಕಿವಿಗೆ ಹೊಸವಲ್ಲ. ಹುಡುಗನಾಗಿದ್ದಾಗ ಕೇಳಲು ಧೈರ್ಯವಾಗದ ಪ್ರಶ್ನೆಯನ್ನು ಈಗ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ತಪ್ಪು ಮಾಡಿದವನನ್ನು ಬಿಟ್ಟು, ತಪ್ಪೇ ಇಲ್ಲದ ಮಗನಿಗೆ ದಂಡ ಹಾಕುವ ತೀರ್ಪನ್ನು ನಮ್ಮ ನಾಡಿನ ಯಾವ ತಕ್ಕನೂ, ಅಂದರೆ ಊರ ಮುಖ್ಯಸ್ಥನೂ, ಕೊಡಲಾರ. ಕೊಟ್ಟರೆ ಊರು ಒಪ್ಪುವುದಿಲ್ಲ. ದೇವರ ನ್ಯಾಯ ನಮ್ಮ ತಕ್ಕನ ನ್ಯಾಯಕ್ಕಿಂತ ಕೆಳಗಿನದೇ?

ನಿವೃತ್ತ ಸಭಾಪಾಲಕ, ಮಡಿಕೇರಿ

ಕಕ್ಕಬ್ಬೆಯವರೇ, ನಿಮ್ಮ ಪ್ರಶ್ನೆಯಲ್ಲಿ ತಪ್ಪು ತಿಳಿಯುವಂಥದ್ದು ಏನೂ ಇಲ್ಲ. 16ನೇ ಶತಮಾನದ ಕೊನೆಯಲ್ಲಿ ಫೌಸ್ಟೋ ಸೊಚ್ಚೀನಿ ಎಂಬ ಇಟಲಿಯ ಚಿಂತಕ ಇದನ್ನೇ ಕೇಳಿ ಕಥೋಲಿಕ, ಪ್ರೊಟೆಸ್ಟೆಂಟ್ ಎರಡೂ ಪಾಳೆಯದವರಿಂದ ಬೈಸಿಕೊಂಡ. ಹಣದ ಸಾಲವನ್ನು ಒಬ್ಬರ ಬದಲು ಇನ್ನೊಬ್ಬರು ತೀರಿಸಬಹುದು, ಅಪರಾಧದ ಶಿಕ್ಷೆಯನ್ನು ಹಾಗೆ ವರ್ಗಾಯಿಸಲಾಗದು ಎಂಬುದು ಅವನ ವಾದ. 2003ರಲ್ಲಿ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಬೋಧಕ ಸ್ಟೀವ್ ಚಾಕ್ ಇನ್ನೂ ಒರಟಾಗಿ, ಇದು ಮಗುವಿನ ಮೇಲೆ ತಂದೆ ನಡೆಸಿದ ಹಿಂಸೆಯಂತಾಗುತ್ತದೆ ಎಂದು ಬರೆದಾಗ ಅಲ್ಲಿನ ಸುವಾರ್ತಾ ಸಭೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು.

ಬದಲಿ ಶಿಕ್ಷೆಯ ಬೋಧನೆಯನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ನಮ್ಮ ಅನೇಕ ಉಪದೇಶಗಳಲ್ಲಿ ಅದನ್ನು ಹೇಳುವ ರೀತಿ ಕೇಳಿದರೆ ನನಗೂ ಮೈ ಉರಿಯುತ್ತದೆ. ಕೋಪಗೊಂಡ ತಂದೆ ಒಂದು ಕಡೆ, ಕರುಣೆಯ ಮಗ ಇನ್ನೊಂದು ಕಡೆ, ನಡುವೆ ನಾವು. ಹೀಗೆ ಚಿತ್ರ ಬಿಡಿಸಿದವನು ತ್ರಯೇಕ ದೇವರನ್ನು ಮರೆತಿದ್ದಾನೆ. ಜಾನ್ ಸ್ಟಾಟ್ 1986ರಲ್ಲಿ ಇದನ್ನು ಬಿಡಿಸಿ ಬರೆದರು: ನ್ಯಾಯತೀರಿಸುವವನೂ ಅದರ ಭಾರ ಹೊರುವವನೂ ಒಬ್ಬನೇ ದೇವರು. ತಕ್ಕನು ಮೂರನೆಯವನೊಬ್ಬನನ್ನು ಹಿಡಿದು ತಂದು ದಂಡ ಹಾಕಲಿಲ್ಲ. ತಾನೇ ಕಟ್ಟೆಯಿಂದ ಇಳಿದು ಬಂದು ದಂಡ ತೆತ್ತನು. ಮಗನೂ ಒಲ್ಲದೆ ಬಂದವನಲ್ಲ. ತನ್ನ ಪ್ರಾಣವನ್ನು ಯಾರೂ ಕಸಿಯುವುದಿಲ್ಲ, ತಾನಾಗಿಯೇ ಕೊಡುತ್ತೇನೆ ಎಂದು ಯೋಹಾನ 10ರಲ್ಲಿ ಆತನೇ ಹೇಳಿದ್ದಾನೆ.

ಇಷ್ಟು ಹೇಳಿ ವಿಶ್ವಾಸಿಯವರಿಗೆ ಒಂದು ಮಾತು: ಶಿಲುಬೆಯಲ್ಲಿ ಕೋಪ ತೀರಿತು ಎಂದು ನಂಬುವವರು ಮಕ್ಕಂದೂರಿನ ಮೇಲೆ ಮತ್ತೆ ಅದೇ ಕೋಪವನ್ನು ಸುರಿಸುವುದು ಹೇಗೆ?

ಕಕ್ಕಬ್ಬೆಯವ

ತಾನೇ ಇಳಿದು ಬಂದನು ಎಂದರೆ ಸ್ವಲ್ಪ ಅರ್ಥವಾಗುತ್ತದೆ. ಪೂರ್ತಿ ಅಲ್ಲ.

ವಿರಾಜಪೇಟೆ ಮೇಷ್ಟ್ರು

ಸಭಾಪಾಲಕರು ಹೇಳಿದ್ದು ಒಂದು ಮನೆಯ ಕಥೆ. ಬೆಳೆಗಾರರು ಕೇಳಿದ್ದು ಇಡೀ ಕೇರಿಯ ಕಥೆ. ಮೂವತ್ತೈದು ವರ್ಷ ಚರಿತ್ರೆ ಪಾಠ ಮಾಡಿದವನ ಚಪಲ, ಉದ್ದವಾದರೆ ಸಹಿಸಿಕೊಳ್ಳಿ.

ನಾವೆಲ್ಲ ಹೇಳುವ ನೈಸಿಯ ವಿಶ್ವಾಸಪ್ರಮಾಣದಲ್ಲಿ ಕ್ರಿಸ್ತರು ನಮಗಾಗಿ ಪೊಂತಿಯಸ್ ಪಿಲಾತನ ಕಾಲದಲ್ಲಿ ಶಿಲುಬೆಗೇರಿದರು ಎಂದಿದೆ. ಆ ಸಾವು ನಮ್ಮನ್ನು ಹೇಗೆ ಬಿಡಿಸಿತು ಎಂಬ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಕ್ರಿಸ್ತರು ಯಾರು ಎಂಬ ಪ್ರಶ್ನೆಗೆ 325ರಲ್ಲಿ ನೈಸಿಯ, 451ರಲ್ಲಿ ಖಾಲ್ಸೆದೋನ್ ಎಂದು ದೊಡ್ಡ ಸಭೆಗಳು ಸೇರಿ ತೀರ್ಮಾನ ಮಾಡಿದವು, ಒಪ್ಪದವರು ಬೇರೆಯಾದರು. ಶಿಲುಬೆ ಹೇಗೆ ರಕ್ಷಿಸುತ್ತದೆ ಎಂಬ ಪ್ರಶ್ನೆಗೆ ಅಂಥ ಸಭೆ ಕೂಡಲೇ ಇಲ್ಲ. ನಮ್ಮ ಜಗಳಕ್ಕೆ ಜಾಗ ಸಿಕ್ಕಿದ್ದು ಅಲ್ಲಿ.

ಮೊದಲ ಸಾವಿರ ವರ್ಷ ಹೆಚ್ಚಾಗಿ ಕೇಳಿಬಂದದ್ದು ಬಿಡುಗಡೆಯ ಮಾತು. ಮನುಷ್ಯ ಸಾವಿನ, ಸೈತಾನನ ಸೆರೆಯಲ್ಲಿದ್ದಾನೆ, ಕ್ರಿಸ್ತರು ಸೆರೆಮನೆಗೆ ನುಗ್ಗಿ ಬಾಗಿಲು ಮುರಿದರು. ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗರಿ, ಮನುಷ್ಯತ್ವವೆಂಬ ಎರೆಯ ಒಳಗೆ ದೈವತ್ವವೆಂಬ ಗಾಳ ಅಡಗಿತ್ತು, ಸೈತಾನ ನುಂಗಿ ಸಿಕ್ಕಿಬಿದ್ದ ಎಂದು ಬರೆದ. ಅವನ ಸ್ನೇಹಿತ ನಾಜಿಯಾನ್ಸಸ್‌ನ ಗ್ರೆಗರಿಗೆ ಇದು ಹಿಡಿಸಲಿಲ್ಲ. ಕಳ್ಳನಿಗೆ ದೇವರು ಒತ್ತೆಹಣ ಕೊಡುವುದೇ, ಎಂಥ ಅವಮಾನ ಎಂದ. ಅಂದರೆ ಒಂದೇ ನಾಡಿನ, ಒಂದೇ ಕಾಲದ, ಒಂದೇ ಪಕ್ಷದ ಇಬ್ಬರು ಸ್ನೇಹಿತರೇ ಒಪ್ಪಲಿಲ್ಲ. ನಮ್ಮದೇನು ಮಹಾ.

1098ರ ಹೊತ್ತಿಗೆ ಕ್ಯಾಂಟರ್ಬರಿಯ ಆನ್ಸೆಲ್ಮ್ ಸೈತಾನನನ್ನು ಲೆಕ್ಕದಿಂದಲೇ ಹೊರಗೆ ಹಾಕಿದ. ಸಾಲ ಇರುವುದು ದೇವರಿಗೆ. ಪಾಪ ಎಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು ಮಾತ್ರ, ಆದ್ದರಿಂದ ದೇವಮಾನವ ಬರಬೇಕಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ: ಆನ್ಸೆಲ್ಮನ ಪ್ರಕಾರ ಪರಿಹಾರ ಕೊಡಬೇಕು, ಇಲ್ಲವೇ ಶಿಕ್ಷೆ ಆಗಬೇಕು. ಕ್ರಿಸ್ತರು ಪರಿಹಾರ ಕೊಟ್ಟರು, ಆದ್ದರಿಂದ ಶಿಕ್ಷೆಯ ಮಾತೇ ಬರಲಿಲ್ಲ. ಆ ಪರಿಹಾರವನ್ನೇ ಶಿಕ್ಷೆಯನ್ನಾಗಿ ಮಾಡಿ ನ್ಯಾಯಾಲಯದ ಭಾಷೆಗೆ ಸ್ಪಷ್ಟವಾಗಿ ತಂದದ್ದು 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರು, ಅದರಲ್ಲೂ ಕಾನೂನು ಓದಿದ್ದ ಕ್ಯಾಲ್ವಿನ್. ಆನ್ಸೆಲ್ಮನ ಮುಂದಿನ ತಲೆಮಾರಿನ ಅಬೆಲಾರ್ಡ್ ಇನ್ನೊಂದು ದಾರಿ ಹಿಡಿದ. ಶಿಲುಬೆಯಲ್ಲಿ ಕಂಡ ಪ್ರೀತಿ ನಮ್ಮಲ್ಲಿ ಪ್ರೀತಿಯನ್ನು ಹೊತ್ತಿಸುತ್ತದೆ, ಬಿಡುಗಡೆ ಅದೇ ಎಂದ. ಕ್ಲೇರ್ವೋದ ಬರ್ನಾರ್ಡ್ ಅವನ ಬೆನ್ನುಬಿದ್ದು ಖಂಡಿಸಿದರು. 1930ರಲ್ಲಿ ಸ್ವೀಡನ್ನಿನ ಗುಸ್ತಾಫ್ ಔಲೆನ್, ನೀವೆಲ್ಲ ಹಳೆಯ ವಿಜಯದ ಮಾತನ್ನು ಮರೆತಿರಿ ಎಂದು ಮೊದಲಿನದನ್ನು ಮತ್ತೆ ಎತ್ತಿ ತಂದ.

ಹೀಗಿರುವಾಗ ವಿಶ್ವಾಸಿಯವರು ತಮ್ಮದನ್ನು ಒಂದು ಬೋಧನೆ ಎನ್ನಲಿ, ಬಲವಾದ ಬೋಧನೆ ಎನ್ನಲಿ. ಅದೊಂದೇ ಸುವಾರ್ತೆ ಎಂದರೆ ಸುಮಾರು ಹದಿನೈದು ಶತಮಾನಗಳ ಸಂತರೆಲ್ಲ ಸುವಾರ್ತೆ ಕೇಳದೆ ಸತ್ತರು ಎಂದಾಗುತ್ತದೆ.

ಕುಶಾಲನಗರದ ವಿಶ್ವಾಸಿ

ಮೇಷ್ಟ್ರೇ, ಚರಿತ್ರೆಗೆ ವಂದನೆ. ಆದರೆ ಯೆಶಾಯನು ಕ್ಯಾಲ್ವಿನ್‌ಗಿಂತ ಎರಡು ಸಾವಿರ ವರ್ಷ ಹಿಂದಿನವನು. ಆನ್ಸೆಲ್ಮ್ ಏನೆಂದ, ಅಬೆಲಾರ್ಡ್ ಏನೆಂದ ಎಂಬುದು ನನ್ನ ರಕ್ಷಣೆಗೆ ಆಧಾರವಲ್ಲ. ಸತ್ಯವೇದ ಏನೆನ್ನುತ್ತದೆ, ಅಷ್ಟೇ.

ಸಭಾಪಾಲಕರ ಪ್ರಶ್ನೆಗೆ ಉತ್ತರ: ಕೋಪ ತೀರಿದ್ದು ನಂಬಿದವರಿಗೆ. ಯೋಹಾನ 3:36 ಓದಿ, ಮಗನಿಗೆ ಒಳಗಾಗದವನ ಮೇಲೆ ದೇವರ ಕೋಪ ನೆಲೆಗೊಂಡಿರುತ್ತದೆ.

ಸಿದ್ದಾಪುರದ ನರ್ಸ್

ಮೇಷ್ಟ್ರು ಪೂರ್ವದ ಸಭೆಗಳನ್ನು ಗ್ರೆಗರಿಯವರ ಗಾಳದ ಬಳಿ ಬಿಟ್ಟು ಮುಂದೆ ಹೋದರು. ಯಾವಾಗಲೂ ಹೀಗೆಯೇ. ನಮ್ಮದು ಸುರಿಯಾನಿ ಆರ್ಥೊಡಾಕ್ಸ್ ಮನೆ, ಅಜ್ಜನ ಕಾಲದಲ್ಲಿ ಕೇರಳದಿಂದ ಸಿದ್ದಾಪುರಕ್ಕೆ ಬಂದವರು.

ನಮ್ಮ ಅಚ್ಚನ್, ಅಂದರೆ ಪಾದ್ರಿಗಳು, ಹೇಳಿಕೊಟ್ಟದ್ದು ಇಷ್ಟು: ಆದಾಮನಿಂದ ನಮಗೆ ಬಂದದ್ದು ಸಾವು. ಅವನ ಅಪರಾಧದ ಲೆಕ್ಕ ನಮ್ಮ ಹೆಸರಿಗೆ ಬಂದಿಲ್ಲ. ಸಾವಿನ ಭಯದಲ್ಲಿ ಬದುಕುವವರು ಪಾಪ ಮಾಡುತ್ತಾರೆ. ಅಗಸ್ಟೀನರು, ಮನುಷ್ಯ ಸ್ವಂತ ಬಲದಿಂದಲೇ ಒಳ್ಳೆಯವನಾಗಬಲ್ಲ ಎಂದ ಪೆಲಾಜಿಯಸ್‌ನ ಜೊತೆಗಿನ ಜಗಳದಲ್ಲಿ, ಅಪರಾಧವೂ ಹುಟ್ಟಿನಿಂದಲೇ ಬರುತ್ತದೆ ಎಂದು ಬರೆದರು, ಪಶ್ಚಿಮದವರು ಅದನ್ನು ಹಿಡಿದುಕೊಂಡರು, ಪೂರ್ವದಲ್ಲಿ ಅದು ಬೇರೂರಲಿಲ್ಲ. ಪಾಪವನ್ನು ಕಾಯಿಲೆಯಾಗಿ ನೋಡಿದವರಿಗೆ ಶಿಲುಬೆ ಚಿಕಿತ್ಸೆ. ಅದನ್ನು ಅಪರಾಧವಾಗಿ ಮಾತ್ರ ನೋಡಿದವರಿಗೆ ಶಿಲುಬೆ ಶಿಕ್ಷೆ. ನಮ್ಮ ಆರಾಧನೆಯಲ್ಲಿ ಪವಿತ್ರನಾದ ದೇವರೇ, ಬಲವಂತನೇ, ಮರಣವಿಲ್ಲದವನೇ ಎಂದು ಹಾಡುತ್ತೇವೆ, ಮುಂದುವರಿದು ನಮಗಾಗಿ ಶಿಲುಬೆಗೇರಿದವನೇ ಎನ್ನುತ್ತೇವೆ. ಐದನೇ ಶತಮಾನದಲ್ಲಿ ಅಂತಿಯೋಕ್ಯದಲ್ಲಿ ಸೇರಿಸಿದ ಈ ಸಾಲಿಗಾಗಿ ಎಷ್ಟು ಜಗಳವಾಯಿತು ಗೊತ್ತೇ? ಮರಣವಿಲ್ಲದವನು ಸತ್ತನು ಎನ್ನುವುದೇ ನಮ್ಮ ವಿಶ್ವಾಸ. ದುಃಖ ಶುಕ್ರವಾರ ಗಂಟೆಗಟ್ಟಲೆ ನಿಂತು, ಮೊಣಕಾಲೂರಿ ನೆಲಕ್ಕೆ ಬಾಗಿ, ಕೊನೆಗೆ ಕಹಿನೀರು ಕುಡಿದು ಮನೆಗೆ ಹೋಗುತ್ತೇವೆ. ತಂದೆಯ ಕೋಪ ಇಳಿಯಿತೇ ಎಂದು ಅಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ.

ಇನ್ನು ನನಗೆ ಸಿಟ್ಟು ಬರುವ ವಿಷಯ. ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಸ್ತನ ಕ್ಯಾನ್ಸರಿನ ಒಬ್ಬ ತಾಯಿ ಚಿಕಿತ್ಸೆಯ ಮಧ್ಯೆ ಬರುವುದನ್ನು ನಿಲ್ಲಿಸಿದರು. ಯಾರೋ ಪ್ರಾರ್ಥನೆಯವರು ಮನೆಗೆ ಬಂದು, ಆತನ ಬಾಸುಂಡೆಗಳಿಂದ ಗುಣವಾಯಿತು ಎಂದು ಬರೆದಿದೆ, ಗುಣವಾಗದಿದ್ದರೆ ಅದು ನಿಮ್ಮ ಒಪ್ಪಿಕೊಳ್ಳದ ಪಾಪ, ಇಲ್ಲವೇ ಅವಿಶ್ವಾಸ ಎಂದಿದ್ದರಂತೆ. ಅವರು ಮತ್ತೆ ಬಂದಾಗ ರೋಗ ಎಲುಬಿಗೆ ಇಳಿದಿತ್ತು.

ವಿಶ್ವಾಸಿಯವರಿಗೆ ವಚನ ಬೇಕು ತಾನೇ? ಮತ್ತಾಯ 8:17ರಲ್ಲಿ ಯೆಶಾಯನ ಅದೇ ಅಧ್ಯಾಯ ಬರುತ್ತದೆ, ಪೇತ್ರನ ಅತ್ತೆಯ ಜ್ವರ ಬಿಟ್ಟ ದಿನ, ಕಪೆರ್ನೌಮಿನಲ್ಲಿ, ಶಿಲುಬೆಗೆ ಬಹಳ ಮೊದಲು. ಪೌಲನು ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದನು, 2 ತಿಮೊಥೆ 4:20. ತಿಮೊಥೆಯ ಹೊಟ್ಟೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದನು, ಪಾಪ ಒಪ್ಪಿಕೋ ಎನ್ನಲಿಲ್ಲ. ಹುಟ್ಟು ಕುರುಡನ ಬಗ್ಗೆ ಶಿಷ್ಯರು ಯಾರ ಪಾಪ ಎಂದು ಕೇಳಿದಾಗ ಕರ್ತನು ಇವನದೂ ಅಲ್ಲ, ತಂದೆತಾಯಿಗಳದೂ ಅಲ್ಲ ಎಂದನು.

ಕುಶಾಲನಗರದ ವಿಶ್ವಾಸಿ

ಸಹೋದರಿ, ಆ ತಾಯಿಗೆ ಹಾಗೆ ಹೇಳಿದವರನ್ನು ನಾನು ಸಮರ್ಥಿಸುವುದಿಲ್ಲ. ನಮ್ಮ ಸಭೆಯಲ್ಲಿ ಪ್ರಾರ್ಥನೆಯೂ ಮಾಡುತ್ತಾರೆ, ಆಸ್ಪತ್ರೆಗೂ ಕರೆದುಕೊಂಡು ಹೋಗುತ್ತಾರೆ. ದೇವರು ಇಂದಿಗೂ ಗುಣಪಡಿಸುತ್ತಾನೆ ಎಂಬುದನ್ನು ಮಾತ್ರ ಬಿಡಲಾರೆ.

ಸಿದ್ದಾಪುರದ ನರ್ಸ್

ಅದನ್ನು ಬಿಡಿ ಎಂದು ಯಾರು ಹೇಳಿದರು?

ಆನಂದಪುರದವನು

ಎಲ್ಲರೂ ಮೇಲಿನಿಂದ ಮಾತನಾಡುತ್ತಿದ್ದೀರಿ, ಕೆಳಗಿನಿಂದ ಒಂದು ಮಾತು. ಅಮ್ಮತ್ತಿಯ ಹತ್ತಿರದ ನಮ್ಮ ಊರು ಹುಟ್ಟಿದ ಕಥೆ ಕೆಲವರಿಗೆ ಗೊತ್ತಿರಬಹುದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು. ಮಂಗಳೂರ ಸಮಾಚಾರ ಪತ್ರಿಕೆಯವರು ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಇಲ್ಲಿ ಅವರ ಮಾತಿಗೆ ಹೆಚ್ಚಾಗಿ ಕಿವಿಗೊಟ್ಟವರು ಹೊಲೆಯರು, ಪರರ ಗದ್ದೆಯಲ್ಲಿ ಜೀತಕ್ಕಿದ್ದ ಭೂಮಿಯಿಲ್ಲದವರು. ಅವರಿಗಾಗಿ ಕಟ್ಟಿದ ನೆಲೆ ಆನಂದಪುರ. ಆ ಹಿರಿಯರಿಗೆ ಆನ್ಸೆಲ್ಮನ ಗೌರವದ ಲೆಕ್ಕ ಅರ್ಥವಾಗಿತ್ತು ಎಂದು ನನಗನಿಸುವುದಿಲ್ಲ. ಊರ ಹೊರಗೆ, ಬೆತ್ತಲೆಯಾಗಿ, ಅಧಿಕಾರದವರ ಕೈಯಲ್ಲಿ ಸತ್ತ ಒಬ್ಬನನ್ನು ದೇವರು ತನ್ನವನು ಎಂದನಲ್ಲ, ಅದು ಅವರಿಗೆ ಯಾರೂ ಬಿಡಿಸಿ ಹೇಳದೆಯೇ ಅರ್ಥವಾಗುವಂಥದ್ದು. ನಮ್ಮ ದೇಶದ ದಲಿತ ದೈವಶಾಸ್ತ್ರ ಹಿಡಿದದ್ದು ಇದೇ ಎಳೆ. 1980ರ ದಶಕದಲ್ಲಿ ಅರವಿಂದ ನಿರ್ಮಲ್ ಬೆಂಗಳೂರಿನಲ್ಲಿಯೂ ನಂತರ ಮದ್ರಾಸಿನಲ್ಲಿಯೂ ಇದನ್ನು ಕಲಿಸಿದರು.

ಆದರೆ ಅದೇ ಶಿಲುಬೆಯನ್ನು ನಮಗೆ ಇನ್ನೊಂದು ರೀತಿಯಲ್ಲೂ ಬೋಧಿಸಿದ್ದಾರೆ. ನಿನ್ನ ಶಿಲುಬೆಯನ್ನು ಹೊತ್ತುಕೋ, ಗೊಣಗಬೇಡ. ತೋಟದ ಕೂಲಿಯವರ ಲೈನ್ ಮನೆಯ ಸೂರು ಸೋರಿದರೆ ಶಿಲುಬೆ, ಮುಂಗಡದ ಸಾಲ ತೀರದಿದ್ದರೆ ಶಿಲುಬೆ, ಕುಡಿದು ಹೊಡೆಯುವ ಗಂಡ ಶಿಲುಬೆ. ತೋಟದ ಯಜಮಾನರ ಬೆಂಚಿನ ಕಡೆ ತಿರುಗಿ ಈ ಉಪದೇಶ ಮಾಡಿದ ಒಬ್ಬರನ್ನೂ ನಾನು ಕಂಡಿಲ್ಲ.

ಮತ್ತೆ ಆ ಸಾಲದ ಮಾತು. ಮತ್ತಾಯ 18ರ ಸಾಮ್ಯದಲ್ಲಿ ಹತ್ತು ಸಾವಿರ ತಲಾಂತು ಸಾಲ ಇದ್ದ ಆಳಿಗೆ ಅರಸ ಸುಮ್ಮನೆ ಬಿಟ್ಟುಬಿಡುತ್ತಾನೆ. ಯಾರ ಹತ್ತಿರವೂ ವಸೂಲಿ ಮಾಡುವುದಿಲ್ಲ. ಕರ್ತನೇ ಹೇಳಿದ ಕಥೆ ಇದು. ಯಾರಾದರೂ ತೆರಲೇಬೇಕಿತ್ತು ಎಂದು ಹಟ ಹಿಡಿಯುವವರು ಇದನ್ನು ಹೇಗೆ ಓದುತ್ತೀರಿ?

ನಿವೃತ್ತ ಸಭಾಪಾಲಕ, ಮಡಿಕೇರಿ

ತಮ್ಮಾ, ಗಟ್ಟಿಯಾದ ಪ್ರಶ್ನೆ. ನನ್ನ ಉತ್ತರ: ಅರಸ ಬಿಟ್ಟ ಕೂಡಲೇ ಆ ಹತ್ತು ಸಾವಿರ ತಲಾಂತು ಮಾಯವಾಗಲಿಲ್ಲ. ಅವನ ಖಜಾನೆಗೆ ಅಷ್ಟು ನಷ್ಟವಾಯಿತು. ಕ್ಷಮಿಸುವವನು ನಷ್ಟವನ್ನು ತಾನು ತಿನ್ನುತ್ತಾನೆ. ಶಿಲುಬೆಯಲ್ಲಿ ಕಾಣುವುದು ದೇವರು ತಿಂದ ಆ ನಷ್ಟ. ವಸೂಲಿಯ ಭಾಷೆಗಿಂತ ಈ ಭಾಷೆ ನನಗೆ ಸರಿ ಎನಿಸುತ್ತದೆ. ಇಷ್ಟಾದರೂ ನಾನು ಶಿಕ್ಷೆಯ ಮಾತನ್ನು ಬಿಡದಿರುವುದಕ್ಕೆ ಕಾರಣ ನೀವು ಹೇಳಿದ ಲೈನ್ ಮನೆಯೇ. ಬಡವನ ಕೂಲಿ ನುಂಗಿದವನನ್ನು ದೇವರು ನಕ್ಕು ಕಳುಹಿಸುತ್ತಾನೆ ಎಂದರೆ ಅಂಥ ದೇವರು ನನಗೆ ಬೇಡ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ಸೇನಾಧೀಶ್ವರನ ಕಿವಿಗೆ ಬೀಳುತ್ತದೆ. ದೇವರ ಕೋಪ ಎಂದರೆ ನನಗೆ ಅದು.

ಆನಂದಪುರದವನು

ಆ ಕೋಪಕ್ಕೆ ನನ್ನ ಆಕ್ಷೇಪವಿಲ್ಲ ಅಯ್ಯನವರೇ. ಅದು ಸದಾ ತಪ್ಪು ವಿಳಾಸಕ್ಕೆ ಹೋಗುತ್ತದೆ ಎಂಬುದೇ ಆಕ್ಷೇಪ.

ವಿರಾಜಪೇಟೆ ಮೇಷ್ಟ್ರು

ನಮ್ಮ ಕಥೋಲಿಕರಲ್ಲಿ ನೋವನ್ನು ಒಪ್ಪಿಸಿಕೊಡುವ ಅಭ್ಯಾಸವಿದೆ. ಹಾಸಿಗೆ ಹಿಡಿದ ನಮ್ಮ ಅಮ್ಮ ತಪಸ್ಸು ಕಾಲದಲ್ಲಿ ಜಪಸರ ಹಿಡಿದು ತನ್ನ ಮಂಡಿನೋವನ್ನು ಒಬ್ಬೊಬ್ಬ ಮೊಮ್ಮಗನ ಪರೀಕ್ಷೆಗೆ ಒಪ್ಪಿಸುತ್ತಿದ್ದರು. ನಕ್ಕರೆ ಬೈಯುತ್ತಿದ್ದರು. ಇದರ ಹಿಂದೆ ಕೊಲೊಸ್ಸೆಯವರಿಗೆ 1:24 ಇದೆ, ಕ್ರಿಸ್ತರ ಬಾಧೆಗಳಲ್ಲಿ ಉಳಿದದ್ದನ್ನು ನನ್ನ ದೇಹದಲ್ಲಿ ತುಂಬಿಸುತ್ತೇನೆ ಎನ್ನುತ್ತಾರೆ ಸಂತ ಪೌಲರು. ಪೋಪ್ ಎರಡನೇ ಜಾನ್ ಪಾಲ್ ಅವರು 1984ರ ಫೆಬ್ರುವರಿ 11ರಂದು ಮಾನವರ ನೋವಿನ ಬಗ್ಗೆ ಬರೆದ ಪತ್ರ ನಿಂತದ್ದು ಈ ವಚನದ ಮೇಲೆ. ಮೂರು ವರ್ಷ ಹಿಂದೆ ಗುಂಡೇಟು ತಿಂದವರು ಬರೆದ ಪತ್ರ ಅದು, ಪುಸ್ತಕದ ಮಾತಲ್ಲ. ಆದರೆ ಅದೇ ಪತ್ರ ನೋವೆಲ್ಲ ಶಿಕ್ಷೆ ಎಂಬುದನ್ನು, ತಪ್ಪಿಲ್ಲದೆಯೂ ನೊಂದ ಯೋಬನನ್ನು ಮುಂದಿಟ್ಟು ತಳ್ಳಿಹಾಕುತ್ತದೆ, ಗಾಯಗೊಂಡವನನ್ನು ಕಂಡು ನಿಲ್ಲದೆ ಹೋಗಬೇಡಿ ಎಂದು ಒಳ್ಳೆಯ ಸಮಾರಿಯನ ಕಥೆಯನ್ನೂ ಎತ್ತುತ್ತದೆ. ಒಪ್ಪಿಸಿಕೊಡುವುದು ನೋವು ತಿನ್ನುವವರ ಹಕ್ಕು. ಪಕ್ಕದಲ್ಲಿ ನಿಂತವನು ಒಪ್ಪಿಸಿಕೊಡು ಎಂದರೆ ಅದು ದಬ್ಬಾಳಿಕೆ. ಆನಂದಪುರದವರು ಹೇಳಿದ್ದು ಆ ದಬ್ಬಾಳಿಕೆಯನ್ನೇ, ನಾನು ಒಪ್ಪುತ್ತೇನೆ.

ನಮ್ಮ ಊರಿನ ಸಂತ ಅನ್ನಮ್ಮನವರ ದೇವಾಲಯದ ಕಥೆಯನ್ನೂ ಇಲ್ಲಿ ಹೇಳಬೇಕು. ಟಿಪ್ಪುವಿನ ಕಾಲದಲ್ಲಿ 1784ರಲ್ಲಿ ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟು, 1792ರಲ್ಲಿ ಇಲ್ಲಿ ದೇವಾಲಯಕ್ಕೆ ನೆಲೆ ಮಾಡಿಕೊಟ್ಟ. ಸೆರೆಯಲ್ಲಿ ಸತ್ತವರು ಎಷ್ಟೋ ಜನ. ಅವರು ತಮ್ಮ ಪಾಪಕ್ಕೆ ಸತ್ತರು ಎಂದು ನಮ್ಮ ಯಾವ ಉಪದೇಶದಲ್ಲೂ ನಾನು ಕೇಳಿಲ್ಲ, ವೀರರು ಎಂದೇ ಕೇಳಿದ್ದೇನೆ. ನಮ್ಮವರು ಸತ್ತರೆ ಸಾಕ್ಷಿಗಳು, ಜೋಡುಪಾಲದವರು ಸತ್ತರೆ ಪಾಪಿಗಳು. ಈ ತಕ್ಕಡಿ ಯಾವ ಅಂಗಡಿಯದು?

ಮಾದಾಪುರದ ಬೆಳೆಗಾರ

ಮೇಷ್ಟ್ರೇ, ಇದನ್ನು ಆ ದಿನ ಎದ್ದು ಹೇಳುವವರು ಇರಬೇಕಿತ್ತು.

ಎರಡನೆಯ ಬೋಧಕರ ಮಾತಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ದೇವರು ಮಣ್ಣಿನಡಿ ಇದ್ದನು ಎಂದರೆ ಹಿತವಾಗಿ ಕೇಳುತ್ತದೆ, ಸರಿ. ಆದರೆ ಜೊತೆಗೆ ಸಾಯುವ ದೇವರಿಂದ ಆಗುವುದೇನು? ಕೈಹಿಡಿದು ಮೇಲೆತ್ತುವ ದೇವರು ತಾನೇ ಬೇಕು?

ನಿವೃತ್ತ ಸಭಾಪಾಲಕ, ಮಡಿಕೇರಿ

ಈ ಮಾತನ್ನು ನಮ್ಮ ಕಾಲದಲ್ಲಿ ಜೋರಾಗಿ ಎತ್ತಿದವರು ಜರ್ಮನಿಯ ಯುರ್ಗೆನ್ ಮೋಲ್ಟ್‌ಮನ್. ಹದಿಹರೆಯದಲ್ಲೇ ಯುದ್ಧಕ್ಕೆ ಹೋಗಿ, ಹ್ಯಾಂಬರ್ಗಿನ ಬಾಂಬ್ ದಾಳಿಯಲ್ಲಿ ಪಕ್ಕದಲ್ಲಿದ್ದ ಸ್ನೇಹಿತ ಸತ್ತದ್ದನ್ನು ಕಂಡು, ಸ್ಕಾಟ್ಲೆಂಡಿನ ಸೆರೆಶಿಬಿರದಲ್ಲಿ ಬೈಬಲ್ ಓದಿದವರು. ನನ್ನ ದೇವರೇ, ಯಾಕೆ ಕೈಬಿಟ್ಟೆ ಎಂಬ ಮಾರ್ಕ 15:34ರ ಕೂಗು ಅವರನ್ನು ಹಿಡಿಯಿತು. 1972ರಲ್ಲಿ ಅವರು ಬರೆದದ್ದು, ಆ ಕೂಗಿನಲ್ಲಿ ಮಗ ತಂದೆಯನ್ನು ಕಳೆದುಕೊಂಡ, ತಂದೆ ಮಗನನ್ನು ಕಳೆದುಕೊಂಡ, ನೋವು ದೇವರ ಒಳಗೇ ಹೊಕ್ಕಿತು ಎಂದು. ಅದಕ್ಕೂ ಮೊದಲು 1946ರಲ್ಲಿ, ಸೋತು ಬೂದಿಯಾಗಿದ್ದ ಜಪಾನಿನಲ್ಲಿ ಕಜೋ ಕಿತಾಮೊರಿ ದೇವರ ನೋವಿನ ಬಗ್ಗೆ ಬರೆದರು. ತಂದೆಯೇ ಶಿಲುಬೆಯಲ್ಲಿ ನೊಂದನು ಎನ್ನುವುದನ್ನು ಮೂರನೇ ಶತಮಾನದಲ್ಲೇ ಸಭೆ ತಪ್ಪು ಎಂದಿತ್ತು, ಆದ್ದರಿಂದ ಮೋಲ್ಟ್‌ಮನ್ ಮೇಲೆ ಬಿದ್ದವರೂ ಕಡಿಮೆಯಲ್ಲ. ಬೆಳೆಗಾರರ ಆಕ್ಷೇಪವನ್ನೇ ಕಾರ್ಲ್ ರಾಹ್ನರ್ ಎಂಬ ಯೇಸುಸಭೆಯ ಪಂಡಿತರೂ ಎತ್ತಿದರು. ನನ್ನಷ್ಟೇ ಕೆಟ್ಟ ಸ್ಥಿತಿಯಲ್ಲಿ ದೇವರೂ ಇದ್ದರೆ ನಾನು ಹೊರಗೆ ಬರಲು ಅದು ಹೇಗೆ ನೆರವಾಗುತ್ತದೆ ಎಂಬುದು ಅವರ ಪ್ರಶ್ನೆ.

ಎರಡನೆಯ ಬೋಧಕರು ಶುಕ್ರವಾರದಲ್ಲೇ ನಿಂತರು, ಭಾನುವಾರಕ್ಕೆ ಬರಲಿಲ್ಲ ಎಂದು ನಾನು ಊಹಿಸುತ್ತೇನೆ. ಪುನರುತ್ಥಾನವಿಲ್ಲದ ಜೊತೆಗಾರಿಕೆ ಅರ್ಧ ಮಾತು. ಆದರೆ ಮೊದಲ ಬೋಧಕರ ಮಾತಿಗಿಂತ ಈ ಅರ್ಧ ಮಾತೇ ಮೇಲು.

ಕಕ್ಕಬ್ಬೆಯವ

ಹೊರಗಿನವನ ಒಂದು ಮಾತು. ಆ ವರ್ಷ ನಮ್ಮಲ್ಲೂ ಕೆಲವರು ದೇವರ ಕಾಡಿಗೆ ಕೊಡಲಿ ಹಾಕಿದ್ದಕ್ಕೆ ಹೀಗಾಯಿತು ಎಂದರು. ನಿಮ್ಮಲ್ಲಿ ಮಾತ್ರ ಇಂಥ ಬೋಧಕರಿದ್ದಾರೆ ಎಂದುಕೊಳ್ಳಬೇಡಿ. ಆದರೆ ನಮ್ಮವರ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಇಳಿಜಾರು ಕಡಿದು ರಸ್ತೆ ಮಾಡಿದ್ದು, ಗುಡ್ಡದ ಬುಡ ಕೆರೆದು ಕಟ್ಟಡ ಎಬ್ಬಿಸಿದ್ದು, ಅದರ ಮೇಲೆ ಕಂಡುಕೇಳರಿಯದ ಮಳೆ. ಕಡಿದವರು ಒಬ್ಬರು, ಮಣ್ಣಿನಡಿ ಹೋದವರು ಇನ್ನೊಬ್ಬರು. ನಿಮ್ಮ ಪಾಪದ ಲೆಕ್ಕದಲ್ಲಿ ಇದಕ್ಕೆ ಜಾಗವಿದೆಯೇ?

ವಿರಾಜಪೇಟೆ ಮೇಷ್ಟ್ರು

ಇದೆ. ಪಾಪದ ವ್ಯವಸ್ಥೆಗಳು ಎಂಬ ಮಾತನ್ನು ಎರಡನೇ ಜಾನ್ ಪಾಲ್ ಅವರೇ 1987ರ ವಿಶ್ವಪತ್ರದಲ್ಲಿ ಬಳಸಿದ್ದಾರೆ. ಹಲವರ ಆಸೆ, ಕಂಡೂ ಸುಮ್ಮನಿದ್ದವರ ಸೋಮಾರಿತನ ಸೇರಿ ಒಂದು ಏರ್ಪಾಡಾಗುತ್ತದೆ, ಅದರ ಹೊಡೆತ ಬೀಳುವುದು ಬೇರೆಯವರ ಮೇಲೆ. ಯೇಸುಸ್ವಾಮಿಯ ಸಾವೂ ಹಾಗೆಯೇ ಆದದ್ದಲ್ಲವೇ? ಪಿಲಾತನಿಗೆ ಕುರ್ಚಿಯ ಚಿಂತೆ, ಮಹಾಯಾಜಕ ಕಾಯಫನಿಗೆ ಜನಾಂಗದ ಚಿಂತೆ, ಪೇತ್ರರಿಗೆ ಜೀವಭಯ. ಒಬ್ಬೊಬ್ಬರದೂ ಸಣ್ಣ ಕಾರಣ. ನಮ್ಮ ಪಾಪಗಳಿಗಾಗಿ ಸತ್ತರು ಎಂಬುದನ್ನು ಮೊದಲು ಈ ಅರ್ಥದಲ್ಲಿ ನೇರವಾಗಿ ಓದಬಹುದು, ದೈವಶಾಸ್ತ್ರ ಆಮೇಲೆ ಬರಲಿ.

ಕುಶಾಲನಗರದ ವಿಶ್ವಾಸಿ

ಎಲ್ಲರೂ ಸೇರಿ ಪಾಪವನ್ನು ರಸ್ತೆ ಗುತ್ತಿಗೆದಾರರಿಗೆ ವಹಿಸಿಬಿಟ್ಟಿರಿ. ಇನ್ನು ಲೂಕ 13ಕ್ಕೆ ಬನ್ನಿ. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳೇ ಎಂದು ಕರ್ತನು ಕೇಳಿ ಅಲ್ಲ ಎಂದನು. ಇಲ್ಲಿಯವರೆಗೆ ನೀವೆಲ್ಲ ಓದುತ್ತೀರಿ. ಅದೇ ವಚನದ ಉಳಿದ ಭಾಗ? ಮಾನಸಾಂತರ ಹೊಂದದಿದ್ದರೆ ನೀವೆಲ್ಲರೂ ಹಾಗೆಯೇ ನಾಶವಾಗುವಿರಿ. ಅಂದರೆ ಬಿದ್ದ ಬುರುಜು ಎಚ್ಚರಿಕೆ. ಜರಿದ ಗುಡ್ಡವೂ ಎಚ್ಚರಿಕೆ. ನಮ್ಮ ಬೋಧಕರು ಹೇಳಿದ್ದು ಇಷ್ಟೇ.

ಸಿದ್ದಾಪುರದ ನರ್ಸ್

ಇಷ್ಟೇ ಅಲ್ಲ. ಬೆಳೆಗಾರರು ಬರೆದದ್ದನ್ನು ಮತ್ತೆ ಓದಿ. ಮರೆಗೆ ಬಾರದವರ ಮೇಲೆ ಉಳಿದ ಕೋಪ ಎಂದು ಅವರು ಸತ್ತವರನ್ನೂ ಮನೆ ಕಳೆದುಕೊಂಡವರನ್ನೂ ಬೊಟ್ಟು ಮಾಡಿದರು. ಕರ್ತನು ಮಾತನಾಡಿದ್ದು ಸುದ್ದಿ ತಂದು ನಿಂತವರ ಜೊತೆ, ಮೈಮೇಲೆ ಧೂಳೂ ಬೀಳದವರ ಜೊತೆ. ನೀವು ಮಾನಸಾಂತರ ಹೊಂದಿ ಎಂದದ್ದು ಅವರಿಗೆ. ಸತ್ತವರ ಬಗ್ಗೆ ಹೇಳಿದ್ದು ಅಲ್ಲ ಎಂಬ ಒಂದೇ ಮಾತು. ಎಚ್ಚರಿಕೆ ಎಂದೇ ಓದುವುದಾದರೆ ಆ ದಿನ ಎಚ್ಚರಿಕೆ ಕೇಳಬೇಕಾದವರು ಮೈಕಿನ ಹಿಂದೆ ಇದ್ದರು.

ಆನಂದಪುರದವನು

ಯೋಬನ ಮೂವರು ಸ್ನೇಹಿತರದೂ ಇದೇ ಕಥೆ. ಮೊದಲ ಏಳು ದಿನ ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದಾಗ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟರು. ಕೊನೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ದೇವರ ಪರವಾಗಿ ವಾದ ಮಾಡಿದ ಅವರ ಮೇಲೆ, ದೇವರನ್ನೇ ಪ್ರಶ್ನಿಸಿದ ಯೋಬನ ಮೇಲಲ್ಲ. ಯೋಬ 42:7.

ಕುಶಾಲನಗರದ ವಿಶ್ವಾಸಿ

ಲೂಕ 13ರಲ್ಲಿ ಸಹೋದರಿ ಹೇಳಿದ್ದನ್ನು ಅಲ್ಲಗಳೆಯಲು ನನ್ನ ಹತ್ತಿರ ವಚನವಿಲ್ಲ. ಸತ್ತವರ ಲೆಕ್ಕ ನಮ್ಮ ಕೈಯಲ್ಲಿಲ್ಲ, ಆ ಮಾತನ್ನು ಮನೆ ಕಳೆದುಕೊಂಡವರ ಮುಂದೆ ಹೇಳಬಾರದಿತ್ತು. ಆದರೆ ಮೇಷ್ಟ್ರು ಹದಿನಾರು ಶತಮಾನದ ಚರಿತ್ರೆ ಹೇಳಿದರು, ಸಭಾಪಾಲಕರು ನಷ್ಟ ಎಂದರು, ಸಹೋದರಿ ಚಿಕಿತ್ಸೆ ಎಂದರು, ರೋಮಾಪುರದವರಿಗೆ 3:25 ಪಾಪಪರಿಹಾರಕ್ಕೆ ಎಂದು ಹೇಳುವ ಕ್ರಿಸ್ತನ ರಕ್ತವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದಕ್ಕೆ ಉತ್ತರ ಬರುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ.

ನಿವೃತ್ತ ಸಭಾಪಾಲಕ, ಮಡಿಕೇರಿ

ಏಳಬೇಡಿ. ಅದೇ ವಚನದಲ್ಲಿ ಆತನನ್ನು ಮುಂದಿಟ್ಟವನು ದೇವರು ಎಂದಿದೆ. ಯಾಜಕನಲ್ಲ, ಪಾಪಿಯಲ್ಲ, ದೇವರೇ. ಬಲಿ ಕೊಡುವವನೂ ದೇವರಾದರೆ ಆ ಬಲಿಯಿಂದ ದೇವರ ಮನಸ್ಸು ಬದಲಾಯಿತೇ, ನಮ್ಮ ಸ್ಥಿತಿ ಬದಲಾಯಿತೇ? ಮೊದಲು ಇದಕ್ಕೆ ನಿಮ್ಮ ಉತ್ತರ ಬರೆಯಿರಿ. ನಾಳೆ ಬೆಳಿಗ್ಗೆ ನನ್ನದು ಬರೆಯುತ್ತೇನೆ. ಇಲ್ಲಿ ಈಗ ಕರೆಂಟು ಹೋಗಿದೆ, ಮೊಬೈಲಿನಲ್ಲಿ ರೋಮಾಪುರ ಬರೆಯುವ ವಯಸ್ಸು ನನ್ನದಲ್ಲ.